ಪ್ರಯೋಗದ ರೆಕಾರ್ಡಿನಲ್ಲಿ ‘ದೆನ್’ಗಳ ಸಾಲು

ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಓದುಗನಿಗೆ ತಿಳಿಸುವುದಕ್ಕಾಗಿಯೇ ಬರೆಯುವ ಬರಹವನ್ನು ವಿಧಾನ ಬರಹ ಎಂದು ಕರೆಯಬಹುದು. ಅಡುಗೆ ಪುಸ್ತಕದ ಪುಟ, ಔಷಧದ ಪೊಟ್ಟಣದ ಮೇಲಿನ ಸೂಚನೆ, ಯಂತ್ರದ ಜೊತೆ ಬರುವ ಕೈಪಿಡಿ, ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ‘ಪ್ರೊಸೀಜರ್’ ಎಂಬ ತಲೆಬರಹದ ಕೆಳಗೆ ವಿದ್ಯಾರ್ಥಿಗಳು ತುಂಬುವ ಅರ್ಧ ಪುಟ, ಇವೆಲ್ಲ ಈ ಜಾತಿಗೆ ಸೇರಿದವು. ಕಥೆಯನ್ನೋ ಪ್ರಬಂಧವನ್ನೋ ಓದುವವನು ಒಂದು ಸಾಲನ್ನು ತಪ್ಪಾಗಿ ಗ್ರಹಿಸಿದರೆ ಮುಂದಿನ ಸಾಲುಗಳಲ್ಲಿ ಅದನ್ನು ತಿದ್ದಿಕೊಳ್ಳಲು ಅವಕಾಶವಿರುತ್ತದೆ. ವಿಧಾನ ಬರಹವನ್ನು ಓದುವವನ ಕೈ ಕಣ್ಣಿನ ಹಿಂದೆಯೇ ಹೊರಟಿರುವುದರಿಂದ, ಅಲ್ಲಿ ತಪ್ಪಾಗಿ ತಿಳಿದ ಸಾಲು ಮರುಕ್ಷಣವೇ ತಪ್ಪು ಕೆಲಸವಾಗಿ ಮುಗಿದಿರುತ್ತದೆ. ಹೀಗಾಗಿ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ಇರುವ ನಂಟನ್ನು ಹೇಳುವ ಸಣ್ಣ ಪದಗಳ ಮೇಲೆ ಈ ಬಗೆಯ ಬರಹದಲ್ಲಿ ಬೀಳುವ ಹೊಣೆ ಬೇರೆಲ್ಲಿಯೂ ಬೀಳುವುದಿಲ್ಲ.

ಈ ಸಣ್ಣ ಪದಗಳನ್ನು ಭಾಷಾವಿಜ್ಞಾನಿಗಳು ಸಂಕಥನ ಸೂಚಕಗಳೆಂದು ಗುರುತಿಸುತ್ತಾರೆ. ಸಂಕಥನವೆಂದರೆ ಬಿಡಿ ವಾಕ್ಯವನ್ನು ಮೀರಿ, ಒಂದಕ್ಕೊಂದು ಹೊಂದಿಕೊಂಡು ಸಾಗುವ ಮಾತು ಅಥವಾ ಬರಹ. ಈಗ ಹೇಳುತ್ತಿರುವುದಕ್ಕೂ ಹಿಂದೆ ಹೇಳಿದ್ದಕ್ಕೂ ಏನು ಸಂಬಂಧ ಎಂಬುದನ್ನು ತೋರಿಸುವ ಪದ ಅಥವಾ ಪದಗುಚ್ಛವೇ ಅದರ ಸೂಚಕ. ಅಮೆರಿಕದ ವಿದ್ವಾಂಸೆ ಡೆಬೊರಾ ಶಿಫ್ರಿನ್ 1987ರಲ್ಲಿ ಪ್ರಕಟಿಸಿದ ‘ಡಿಸ್ಕೋರ್ಸ್ ಮಾರ್ಕರ್ಸ್’ ಎಂಬ ಗ್ರಂಥ ಫಿಲಡೆಲ್ಫಿಯಾದ ಜನರ ಆಡುಮಾತನ್ನು ಆಧರಿಸಿ ‘ವೆಲ್’, ‘ಅಂಡ್’, ‘ಬಟ್’, ‘ಸೋ’, ‘ನೌ’, ‘ದೆನ್’ ಮುಂತಾದವುಗಳ ಕೆಲಸವನ್ನು ವಿವರವಾಗಿ ಪರಿಶೀಲಿಸಿತು. ಅದಕ್ಕೆ ಹನ್ನೊಂದು ವರ್ಷ ಮೊದಲು, 1976ರಲ್ಲಿ, ಎಂ.ಎ.ಕೆ. ಹ್ಯಾಲಿಡೇ ಮತ್ತು ರುಖಯ್ಯಾ ಹಸನ್ ಅವರು ‘ಕೊಹೀಷನ್ ಇನ್ ಇಂಗ್ಲಿಷ್’ ಎಂಬ ಗ್ರಂಥದಲ್ಲಿ ವಾಕ್ಯಗಳನ್ನು ಬೆಸೆಯುವ ಇಂಥ ಪದಗಳನ್ನು ಕೂಡಿಸುವವು, ವಿರೋಧ ತೋರಿಸುವವು, ಕಾರಣ ಹೇಳುವವು, ಕಾಲ ಹೇಳುವವು ಎಂದು ನಾಲ್ಕು ಗುಂಪು ಮಾಡಿದ್ದರು. ಕರ್ನಾಟಕದ ಪಿಯು ತರಗತಿಗಳಲ್ಲಿ ಇವಕ್ಕೆಲ್ಲ ಒಟ್ಟಾರೆ ಇರುವ ಹೆಸರು ‘ಲಿಂಕರ್ಸ್’. ಖಾಲಿ ಬಿಟ್ಟ ಜಾಗದಲ್ಲಿ ಸರಿಯಾದ ಲಿಂಕರ್ ತುಂಬುವ ಪ್ರಶ್ನೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಪರಿಚಿತ ಭಾಗ.

ಹ್ಯಾಲಿಡೇ ಮತ್ತು ಹಸನ್ ಅವರ ವಿಂಗಡಣೆಯಲ್ಲಿ ವಿಧಾನ ಬರಹಕ್ಕೆ ಬಹಳ ಉಪಯುಕ್ತವಾದ ಒಂದು ಸೂಕ್ಷ್ಮವಿದೆ. ಕಾಲ ಹೇಳುವ ಸೂಚಕಗಳು ಒಂದೇ ಬಗೆಯವಲ್ಲವೆಂದು ಅವರು ತೋರಿಸುತ್ತಾರೆ. ಒಂದಾದ ಮೇಲೊಂದು ನಡೆಯಿತೆಂದು ಹೇಳುವ ‘ದೆನ್’, ‘ನೆಕ್ಸ್ಟ್’ ಒಂದು ಬಗೆ. ಎರಡು ಕೆಲಸಗಳು ಒಟ್ಟಿಗೆ ಸಾಗುತ್ತಿವೆಯೆಂದು ಹೇಳುವ ‘ಮೀನ್‌ವೈಲ್’ ಇನ್ನೊಂದು. ತಡಮಾಡದೆ ನಡೆಯಬೇಕೆಂದು ಹೇಳುವ ‘ಅಟ್ ಒನ್ಸ್’, ಹಿಂದೆ ಆಗಿರಬೇಕಾದದ್ದನ್ನು ನೆನಪಿಸುವ ‘ಬಿಫೋರ್ ದಟ್’, ಇಲ್ಲಿಯವರೆಗೆ ಎಂದು ಗಡಿ ಹಾಕುವ ‘ಅಂಟಿಲ್ ದೆನ್’ ಮತ್ತೆ ಬೇರೆ ಬೇರೆ. ಒಂದು ಕೆಲಸವನ್ನು ಬೇರೊಬ್ಬರಿಂದ ಮಾಡಿಸಬೇಕಾದರೆ ಇವೆಲ್ಲವೂ ಬೇಕಾಗುತ್ತವೆ. ವಿದ್ಯಾರ್ಥಿಗಳ ಬರಹದಲ್ಲಿ ಸಾಮಾನ್ಯವಾಗಿ ಕಾಣಿಸುವುದು ಮಾತ್ರ ಮೊದಲನೆಯ ಬಗೆ ಒಂದೇ.

ಪಿಯು ಪ್ರಯೋಗಶಾಲೆಯಲ್ಲಿ ಪ್ರತಿ ವರ್ಷ ನಡೆಯುವ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. ಗೊತ್ತಾದ ಪ್ರಬಲತೆಯ ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಬಳಸಿ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದ ಪ್ರಬಲತೆಯನ್ನು ಕಂಡುಹಿಡಿಯುವ ಟೈಟ್ರೇಷನ್ ಅದು. ವಿದ್ಯಾರ್ಥಿಯೊಬ್ಬ ಅದನ್ನು ‘ಫಸ್ಟ್ ಟೇಕ್ ಆಕ್ಸಾಲಿಕ್ ಆಸಿಡ್ ಇನ್ ದಿ ಫ್ಲಾಸ್ಕ್. ದೆನ್ ಆ್ಯಡ್ ಸಲ್ಫ್ಯೂರಿಕ್ ಆಸಿಡ್. ದೆನ್ ಹೀಟ್ ಇಟ್. ದೆನ್ ಆ್ಯಡ್ ಪರ್ಮಾಂಗನೇಟ್. ದೆನ್ ಪಿಂಕ್ ಕಲರ್ ಕಮ್ಸ್. ಫೈನಲಿ ನೋಟ್ ದಿ ರೀಡಿಂಗ್’ ಎಂದು ಬರೆದನೆಂದುಕೊಳ್ಳೋಣ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಕೆಂಪು ಶಾಯಿಗೆ ಹೆಚ್ಚು ಕೆಲಸವಿಲ್ಲ, ಲಿಂಕರ್‌ಗಳಿಗೂ ಕೊರತೆಯಿಲ್ಲ. ಆರು ವಾಕ್ಯಗಳಿಗೆ ಆರು ಸೂಚಕಗಳಿವೆ. ಆದರೂ ಇದನ್ನೇ ನಂಬಿ ಮೊದಲ ಬಾರಿ ಪ್ರಯೋಗ ಮಾಡುವವನಿಗೆ ಫಲಿತಾಂಶ ಸಿಗುವ ಭರವಸೆಯಿಲ್ಲ.

ಕಾರಣ ಪ್ರಯೋಗದ ಒಳಗಿನ ರಸಾಯನಶಾಸ್ತ್ರದಲ್ಲೇ ಇದೆ. ಆಕ್ಸಾಲಿಕ್ ಆಮ್ಲಕ್ಕೂ ಪರ್ಮಾಂಗನೇಟಿಗೂ ನಡೆಯುವ ಕ್ರಿಯೆ ತಣ್ಣಗಿನ ದ್ರಾವಣದಲ್ಲಿ ತೀರ ನಿಧಾನ. ಆದ್ದರಿಂದ ಫ್ಲಾಸ್ಕನ್ನು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅದು ಬಿಸಿಯಾಗಿರುವಾಗಲೇ ಟೈಟ್ರೇಷನ್ ಮುಗಿಸಬೇಕು. ‘ದೆನ್’ ಎಂಬ ಪದ ಕಾಯಿಸಿದ ನಂತರ ಎಂದಷ್ಟೇ ಹೇಳುತ್ತದೆ, ಬಿಸಿ ಆರುವ ಮೊದಲೇ ಎಂದು ಹೇಳುವುದಿಲ್ಲ. ಫ್ಲಾಸ್ಕನ್ನು ಇಳಿಸಿ, ಗೆಳೆಯನ ರೀಡಿಂಗ್ ನೋಡಿ ಬಂದು, ತಣ್ಣಗಾದ ದ್ರಾವಣಕ್ಕೆ ಬ್ಯುರೆಟ್ ತಿರುಗಿಸಿದವನೂ ಆ ಸೂಚನೆಯನ್ನು ಅಕ್ಷರಶಃ ಪಾಲಿಸಿದಂತೆಯೇ. ಪರ್ಮಾಂಗನೇಟನ್ನು ಹನಿಹನಿಯಾಗಿ, ಫ್ಲಾಸ್ಕನ್ನು ಆಡಿಸುತ್ತ ಸೇರಿಸಬೇಕು. ಮೊದಲ ಹನಿಗಳ ಬಣ್ಣ ಮಾಯವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಏಕೆಂದರೆ ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಮುಂದೆ ಅದೇ ಕ್ರಿಯೆಗೆ ವೇಗವರ್ಧಕವಾಗುತ್ತವೆ. ಮೊದಲ ಹನಿ ಬಿದ್ದೊಡನೆ ಕಂಡ ಗುಲಾಬಿಯನ್ನೇ ಅಂತ್ಯಬಿಂದುವೆಂದು ತಿಳಿದು ನಲ್ಲಿ ಮುಚ್ಚಿದವನ ಲೆಕ್ಕ ಅಲ್ಲಿಗೇ ಕೆಡುತ್ತದೆ. ‘ದೆನ್ ಪಿಂಕ್ ಕಲರ್ ಕಮ್ಸ್’ ಎಂಬ ಸಾಲು ಅವನನ್ನು ತಡೆಯುವುದಿಲ್ಲ. ತಡೆಯಬಲ್ಲದ್ದು ‘ಅಂಟಿಲ್’ ಎಂಬ ಪದ ಮತ್ತು ಅದರ ಹಿಂದೆ ಬರುವ ‘ಪರ್ಮನೆಂಟ್ ಪೇಲ್ ಪಿಂಕ್’, ಅಂದರೆ ಆಡಿಸಿದರೂ ಮಾಯವಾಗದೆ ಉಳಿಯುವ ತಿಳಿಗುಲಾಬಿ. ಇನ್ನು ಸಲ್ಫ್ಯೂರಿಕ್ ಆಮ್ಲ ಸಾಲದೆ ಹೋದರೆ ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಒತ್ತರ ಕಾಣಿಸಿಕೊಳ್ಳುತ್ತದೆ. ಅದನ್ನು ಮೊದಲೇ ಹೇಳಿಡುವುದಕ್ಕೆ ‘ಅದರ್‌ವೈಸ್’ ಅಥವಾ ‘ಇಫ್’ ಬೇಕು.

ಹೆಜ್ಜೆಗಳ ಅನುಕ್ರಮವನ್ನು ಹೇಳುವ ಸೂಚಕಗಳು ವಿಧಾನ ಬರಹದಲ್ಲಿ ಅಗ್ಗದವು ಎಂಬ ಅಂಶ ಇದರಿಂದ ಹೊರಡುತ್ತದೆ. ಒಂದು, ಎರಡು, ಮೂರು ಎಂದು ಅಂಕಿ ಹಾಕಿದರೂ, ಏನೂ ಹಾಕದೆ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದರೂ, ಮೇಲಿನದು ಮೊದಲು ಕೆಳಗಿನದು ಆಮೇಲೆ ಎಂದು ಓದುಗ ತಾನಾಗಿಯೇ ತಿಳಿದುಕೊಳ್ಳುತ್ತಾನೆ. ‘ದೆನ್’ಗಳನ್ನೆಲ್ಲ ಅಳಿಸಿದರೂ ಮೇಲಿನ ಆರು ವಾಕ್ಯಗಳ ಅರ್ಥ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಯಾವುದು ನಡೆಯುತ್ತಿರುವಾಗ ಮಾಡಬೇಕು, ಏನಾದರೆ ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಯಾಕೆ ಹೀಗೇ ಮಾಡಬೇಕು ಎಂಬುದನ್ನು ಹೇಳುವ ‘ಅಂಟಿಲ್’, ‘ವೈಲ್’, ‘ಬಿಫೋರ್’, ‘ಇಫ್’, ‘ಅದರ್‌ವೈಸ್’, ‘ಸೋ ದಟ್’ ಮುಂತಾದವನ್ನು ಅಳಿಸಿದರೆ ಕೆಲಸವೇ ಕೆಡುತ್ತದೆ. ಇವುಗಳಲ್ಲಿ ಕೆಲವನ್ನು ವ್ಯಾಕರಣಕಾರರು ಉಪವಾಕ್ಯವನ್ನು ಜೋಡಿಸುವ ಸಂಯೋಜಕಗಳೆಂದು ಬೇರೆಯಾಗಿ ಎಣಿಸುತ್ತಾರೆ, ಸೂಚಕಗಳ ಪಟ್ಟಿಗೆ ಸೇರಿಸಲು ಎಲ್ಲರೂ ಒಪ್ಪುವುದಿಲ್ಲ. ಆದರೆ ಬರೆಯಲು ಕಲಿಯುವ ವಿದ್ಯಾರ್ಥಿಗೆ ಆ ಗಡಿಗೆರೆಯಿಂದ ಪ್ರಯೋಜನ ಕಡಿಮೆ. ಎರಡು ಹೆಜ್ಜೆಗಳ ನಂಟನ್ನು ಹೇಳುವುದು ಎರಡೂ ಗುಂಪುಗಳ ಕೆಲಸವಾದ್ದರಿಂದ ಇಲ್ಲಿ ಒಟ್ಟಿಗೆ ನೋಡುವುದೇ ಸರಿ.

ವಿದ್ಯಾರ್ಥಿಗಳು ಅಗ್ಗದ ಸೂಚಕಗಳಿಗೇ ಅಂಟಿಕೊಳ್ಳುವುದು ಕರ್ನಾಟಕಕ್ಕೆ ಸೀಮಿತವಾದ ಸಂಗತಿಯೇನಲ್ಲ. ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಭಾಷಿಕ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಆಸ್ಟ್ರೇಲಿಯಾದ ವಿದ್ಯಾರ್ಥಿಗಳ ಪ್ರಬಂಧಗಳ ಜೊತೆ ಹೋಲಿಸಿದ ಫೀಲ್ಡ್ ಮತ್ತು ಯಿಪ್ ಎಂಬ ಸಂಶೋಧಕರು 1992ರಲ್ಲಿ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರೇ ಇಂಥ ಪದಗಳನ್ನು ಹೆಚ್ಚು ಬಳಸುತ್ತಾರೆಂದು ತೋರಿಸಿದರು. ಬೆಲ್ಜಿಯಂನ ಸಿಲ್ವಿಯಾನ್ ಗ್ರೇಂಜರ್ ಮತ್ತು ಸ್ಟೆಫನಿ ಟೈಸನ್ 1996ರಲ್ಲಿ, ಕಲಿಯುವವರು ಬರೆದ ಬರಹಗಳನ್ನು ಒಟ್ಟುಗೂಡಿಸಿ ಕಂಪ್ಯೂಟರಿನಲ್ಲಿ ಹುಡುಕಲು ಅನುಕೂಲವಾಗುವಂತೆ ಜೋಡಿಸಿದ ಪಠ್ಯಕೋಶವನ್ನು ಬಳಸಿ ನಡೆಸಿದ ಅಧ್ಯಯನದಲ್ಲಿ ಇನ್ನಷ್ಟು ಸೂಕ್ಷ್ಮವಾದ ಚಿತ್ರ ಸಿಕ್ಕಿತು. ಫ್ರೆಂಚ್ ಭಾಷಿಕ ವಿದ್ಯಾರ್ಥಿಗಳು ಒಟ್ಟು ಲೆಕ್ಕದಲ್ಲಿ ಅತಿಯಾಗಿ ಬಳಸುತ್ತಿರಲಿಲ್ಲ. ಕೆಲವು ಪದಗಳನ್ನು ಅತಿಯಾಗಿಯೂ ಕೆಲವನ್ನು ಅತಿ ಕಡಿಮೆಯಾಗಿಯೂ ಬಳಸುತ್ತಿದ್ದರು. ಮುಂದೆ 2002ರಲ್ಲಿ ಬೋಲ್ಟನ್, ನೆಲ್ಸನ್ ಮತ್ತು ಹಂಗ್ ಅವರು ಪ್ರಕಟಿತ ವಿದ್ವತ್ ಬರಹವನ್ನೇ ಅಳತೆಗೋಲಾಗಿಟ್ಟು ನೋಡಿದಾಗ ಹಾಂಗ್‌ಕಾಂಗ್‌ನ ವಿದ್ಯಾರ್ಥಿಗಳಷ್ಟೇ ಅಲ್ಲದೆ ಬ್ರಿಟನ್ನಿನ ವಿದ್ಯಾರ್ಥಿಗಳೂ ಹೆಚ್ಚು ಬಳಸುವವರ ಸಾಲಿನಲ್ಲೇ ಸಿಕ್ಕರು. ಇವೆಲ್ಲ ಹೆಚ್ಚಾಗಿ ಪ್ರಬಂಧದಂಥ ಬರಹವನ್ನು ಕುರಿತ ಅಧ್ಯಯನಗಳು. ಆದರೂ ಬರೆಯಲು ಕಲಿಯುತ್ತಿರುವವರು, ಅವರ ತಾಯ್ನುಡಿ ಯಾವುದೇ ಇರಲಿ, ನಂಟನ್ನು ಯೋಚಿಸುವ ಬದಲು ನಂಟಿನ ಪದವನ್ನು ಅಂಟಿಸುವತ್ತ ಜಾರುತ್ತಾರೆಂಬ ಮಾತಿಗೆ ಅವು ಬಲ ಕೊಡುತ್ತವೆ. ಡಬ್ಲ್ಯು.ಜೆ. ಕ್ರೂ ಅವರು 1990ರಲ್ಲಿ ತಮ್ಮ ಲೇಖನವೊಂದಕ್ಕೆ ‘ದಿ ಇಲ್ಲಾಜಿಕ್ ಆಫ್ ಲಾಜಿಕಲ್ ಕನೆಕ್ಟಿವ್ಸ್’ ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ: ತರ್ಕದ ಪದಗಳು ಸಾಲುಗಟ್ಟಿ ನಿಂತ ಬರಹದಲ್ಲಿ ತರ್ಕವೇ ಇಲ್ಲದಿರಬಹುದು.

ಇದಕ್ಕೆ ಪಾಠ ಹೇಳುವ ರೀತಿಯೂ ಹೊಣೆ. 1980ರ ದಶಕದಲ್ಲಿ ಸಿಡ್ನಿಯಲ್ಲಿ ಜೆ.ಆರ್. ಮಾರ್ಟಿನ್, ಜೋನ್ ರಾದರಿ ಮೊದಲಾದವರು ಶಾಲೆಯ ಬರಹಗಳನ್ನು ಅವುಗಳ ಉದ್ದೇಶಕ್ಕೆ ತಕ್ಕಂತೆ ಪ್ರಭೇದಗಳಾಗಿ ವಿಂಗಡಿಸಿದಾಗ ‘ಪ್ರೊಸೀಜರ್’ ಒಂದು ಸ್ವತಂತ್ರ ಪ್ರಭೇದವಾಯಿತು. ಗುರಿ, ಬೇಕಾಗುವ ಸಾಮಗ್ರಿ, ಹೆಜ್ಜೆಗಳು ಎಂಬ ಅದರ ರಚನೆ, ಆಜ್ಞಾರ್ಥಕ ಕ್ರಿಯಾಪದ ಮತ್ತು ಕಾಲಸೂಚಕ ಪದ ಎಂಬ ಅದರ ಭಾಷಾಲಕ್ಷಣ ಕ್ರಮೇಣ ಅನೇಕ ದೇಶಗಳ ಪಠ್ಯಕ್ರಮಗಳಿಗೆ ಹೋದವು. ಇಂಡೊನೇಷ್ಯಾದ ಶಾಲೆಗಳಲ್ಲಿ ಇಂಗ್ಲಿಷಿನ ‘ಪ್ರೊಸೀಜರ್ ಟೆಕ್ಸ್ಟ್’ ಬರೆಯುವುದು ಇಂದು ಪ್ರತಿ ವಿದ್ಯಾರ್ಥಿಗೂ ಗೊತ್ತಿರುವ ಅಭ್ಯಾಸ. ಬಡ ಬಡಾವಣೆಗಳ ಮಕ್ಕಳಿಗೂ ಬರಹದ ಗುಟ್ಟುಗಳು ಬಿಚ್ಚಿಕೊಳ್ಳಬೇಕೆಂಬ ಸಿಡ್ನಿಯವರ ಆಶಯ ನಿಜಕ್ಕೂ ದೊಡ್ಡದು. ಆದರೆ ಬಳಕೆಯಿಂದ ಹೆಕ್ಕಿದ ಲಕ್ಷಣಗಳು ಪರೀಕ್ಷೆಗೆ ಗುರುತು ಹಾಕುವ ಪಟ್ಟಿಯಾದೊಡನೆ, ಪಟ್ಟಿಯಲ್ಲಿರುವ ಪದಗಳು ಬರಹದಲ್ಲಿ ಕಾಣಿಸಿದವೇ ಎಂಬುದೇ ಮುಖ್ಯವಾಗಿ, ಅವು ಮಾಡಬೇಕಾದ ಕೆಲಸ ಹಿಂದಕ್ಕೆ ಸರಿಯುತ್ತದೆ.

ಪಟ್ಟಿಯಿಂದ ಕಲಿತ ಪದಗಳಿಗೆ ಇನ್ನೊಂದು ಅಪಾಯವೂ ಅಂಟಿಕೊಂಡಿರುತ್ತದೆ. ಗೈಡುಗಳಲ್ಲಿ ‘ಮೋರ್‌ಓವರ್’, ‘ಫರ್ದರ್‌ಮೋರ್’, ‘ನೆಕ್ಸ್ಟ್’, ‘ಫೈನಲಿ’ ಎಲ್ಲವೂ ಒಂದೇ ಚೌಕಟ್ಟಿನೊಳಗೆ ಇರುತ್ತವೆ. ಹ್ಯಾಲಿಡೇ ಮತ್ತು ಹಸನ್ ಇಲ್ಲಿಯೂ ಒಂದು ಗೆರೆ ಎಳೆದಿದ್ದಾರೆ: ಕೆಲವು ಸೂಚಕಗಳು ಹೊರಲೋಕದಲ್ಲಿ ನಡೆಯುವ ಘಟನೆಗಳನ್ನು ಜೋಡಿಸುತ್ತವೆ, ಕೆಲವು ಹೇಳುವವನ ವಾದದ ಅಂಶಗಳನ್ನು ಜೋಡಿಸುತ್ತವೆ. ನಲ್ಲಿ ತಿರುಗಿಸುವುದು, ಬೆಂಕಿ ಹಚ್ಚುವುದು, ಅಳೆಯುವುದು ಮೊದಲ ಜಾತಿಯವು. ‘ಇದಲ್ಲದೆ ಇನ್ನೊಂದು ಕಾರಣವೂ ಇದೆ’ ಎನ್ನುವುದು ಎರಡನೆಯದು. ಪ್ರಬಂಧಕ್ಕಾಗಿ ಕಲಿತ ‘ಮೋರ್‌ಓವರ್’ ಅನ್ನು ವಿದ್ಯಾರ್ಥಿ ‘ಮೋರ್‌ಓವರ್ ಆ್ಯಡ್ ಸಾಲ್ಟ್’ ಎಂದು ವಿಧಾನ ಬರಹಕ್ಕೆ ತಂದಾಗ, ಉಪ್ಪು ಹಾಕುವುದು ಒಂದು ಹೆಜ್ಜೆಯೋ ವಾದದ ಒಂದು ಅಂಶವೋ ಎಂಬ ಗಲಿಬಿಲಿ ಓದುಗನಿಗೆ ಉಂಟಾಗುತ್ತದೆ. ‘ಅಟ್ ಫಸ್ಟ್’ ಮತ್ತು ‘ಅಟ್ ಲಾಸ್ಟ್’ ಎಂಬ ಜೋಡಿಯದೂ ಇಂಥದೇ ಕಥೆ. ‘ಫಸ್ಟ್’ ಎಂದರೆ ಮೊದಲ ಹೆಜ್ಜೆ. ‘ಅಟ್ ಫಸ್ಟ್’ ಎಂದರೆ ಶುರುವಿನಲ್ಲಿ ಒಂದು ರೀತಿ ಇತ್ತು, ಆಮೇಲೆ ಬದಲಾಯಿತು ಎಂಬ ಸುಳಿವು. ‘ಅಟ್ ಲಾಸ್ಟ್’ ಬಹಳ ಹೊತ್ತು ಕಾದ ಮೇಲೆ ಅಂತೂ ಆಯಿತೆಂಬ ನಿಟ್ಟುಸಿರನ್ನು ಹೊತ್ತ ಮಾತು. ಕೊನೆಯ ಹೆಜ್ಜೆಯನ್ನು ಹೇಳಲು ‘ಫೈನಲಿ’ ಅಥವಾ ‘ಲಾಸ್ಟ್ಲಿ’ ಸಾಕು. ‘ಆಫ್ಟರ್ ಆ್ಯಡ್ ವಾಟರ್’ ಎಂಬ ರೂಪವೂ ಸಾಮಾನ್ಯ. ಅಲ್ಲಿ ‘ಆಫ್ಟರ್ ದಟ್’ ಎಂದಾಗಬೇಕು, ಇಲ್ಲವೇ ‘ಆಫ್ಟರ್ ಆ್ಯಡಿಂಗ್’ ಎಂದು ತಿರುಗಿಸಿ ವಾಕ್ಯವನ್ನು ಮುಂದುವರಿಸಬೇಕು.

ಕನ್ನಡ ಮಾತನಾಡುವ ವಿದ್ಯಾರ್ಥಿಯ ಮಟ್ಟಿಗೆ ಹೇಳುವುದಾದರೆ, ‘ದೆನ್’ಗಳ ಸಾಲಿಗೆ ಭಾಷೆಯ ರಚನೆಯಲ್ಲೂ ಒಂದು ಮೂಲವಿದೆ. ಕನ್ನಡದಲ್ಲಿ ಒಂದಾದ ಮೇಲೊಂದು ನಡೆಯುವ ಕೆಲಸಗಳನ್ನು ಹೇಳಲು ಪ್ರತ್ಯೇಕ ಪದವೇ ಬೇಕಾಗಿಲ್ಲ. ‘ತೊಳೆದು, ಹೆಚ್ಚಿ, ಬೇಯಿಸಿ, ಬಸಿದು’ ಎನ್ನುವಾಗ ಕ್ರಿಯಾಪದದ ತುದಿಯಲ್ಲಿರುವ ಪ್ರತ್ಯಯವೇ ಈ ಕೆಲಸ ಮುಗಿದ ಮೇಲೆ ಮುಂದಿನದು ಎಂದು ಹೇಳಿಬಿಡುತ್ತದೆ. ಶಾಲೆಯ ವ್ಯಾಕರಣದಲ್ಲಿ ಇದನ್ನು ಕೃದಂತಾವ್ಯಯಗಳ ಪೈಕಿ ಕಲಿಸುತ್ತಾರೆ. ಧಾತುವಿನ ಮೇಲೆ ಪ್ರತ್ಯಯ ಸೇರಿ, ಲಿಂಗ ವಚನಗಳ ಗುರುತಿಲ್ಲದೆ, ವಾಕ್ಯವನ್ನು ಪೂರ್ಣಗೊಳಿಸದೆ ಮುಂದಿನ ಕ್ರಿಯೆಗೆ ಕೈ ಚಾಚುವ ರೂಪ ಅದು. ಎಂ.ಬಿ. ಎಮೆನೊ 1956ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯ ಲೇಖನದಲ್ಲಿ ಭಾರತವನ್ನು ಒಂದು ಭಾಷಾವಲಯವೆಂದು, ಅಂದರೆ ಬೇರೆ ಬೇರೆ ಕುಟುಂಬಗಳ ಭಾಷೆಗಳು ಅಕ್ಕಪಕ್ಕದಲ್ಲಿ ಬಾಳುತ್ತ ಸಮಾನ ಲಕ್ಷಣಗಳನ್ನು ಬೆಳೆಸಿಕೊಂಡ ಪ್ರದೇಶವೆಂದು ವಾದಿಸಿದರು. ಕಾಲಿನ್ ಮಸಿಕಾ 1976ರ ತಮ್ಮ ಗ್ರಂಥದಲ್ಲಿ ಅಂಥ ಲಕ್ಷಣಗಳ ವ್ಯಾಪ್ತಿಯನ್ನು ಪರಿಶೀಲಿಸಿದಾಗ ಕ್ರಿಯೆಗಳನ್ನು ಪೋಣಿಸುವ ಈ ಕೃದಂತವೂ ಅವುಗಳಲ್ಲೊಂದಾಗಿತ್ತು. ಕನ್ನಡ, ತೆಲುಗು, ಹಿಂದಿ, ಮರಾಠಿ ಎಲ್ಲದರಲ್ಲೂ ಇದು ಉಸಿರಿನಷ್ಟು ಸಹಜ. ಇಂಗ್ಲಿಷಿನಲ್ಲಿ ಇದಕ್ಕೆ ನೇರವಾದ ಸಾಟಿಯಿಲ್ಲ. ಆದ್ದರಿಂದ ಮನಸ್ಸಿನಲ್ಲಿ ‘ಹಾಕಿ, ಕಲಕಿ, ಕಾಯಿಸಿ’ ಎಂದು ಹೊರಟ ವಾಕ್ಯ ಕಾಗದದ ಮೇಲೆ ಮೂರು ತುಂಡಾಗಿ ಬಿದ್ದು, ಕಳೆದುಹೋದ ಪ್ರತ್ಯಯದ ಜಾಗದಲ್ಲೆಲ್ಲ ಒಂದೊಂದು ‘ದೆನ್’ ಬಂದು ಕೂರುತ್ತದೆ.

ಇದರಲ್ಲಿ ಇನ್ನೂ ಒಂದು ಎಳೆಯಿದೆ. ‘ಹಾಕು’, ‘ಕಲಕು’, ‘ಇಳಿಸು’ ಎಂಬಂಥ ಉಕಾರಾಂತ ಧಾತುಗಳಲ್ಲಿ ಕೃದಂತದ ರೂಪವೂ ಬಹುವಚನದ ಆಜ್ಞೆಯ ರೂಪವೂ ಒಂದೇ: ‘ಉಪ್ಪು ಹಾಕಿ’ ಎಂದರೆ ‘ಹಾಕಿ ಆದ ಮೇಲೆ’ ಎಂದೂ ಆಗಬಹುದು, ‘ನೀವು ಹಾಕಿರಿ’ ಎಂದೂ ಆಗಬಹುದು. ‘ತೊಳೆದು’ ಮತ್ತು ‘ತೊಳೆಯಿರಿ’ ಎಂಬಲ್ಲಿ ಮಾತ್ರ ಎರಡೂ ಬೇರೆಯಾಗಿ ಕಾಣುತ್ತವೆ. ಕನ್ನಡದ ಅಡುಗೆ ವಿಧಾನವೊಂದನ್ನು ಓದುವವರಿಗೆ ಇದು ತೊಡಕಾಗದಿರುವುದು, ಯಾವ ಹೆಜ್ಜೆಗೆ ಯಾವುದು ಪೂರ್ವಸಿದ್ಧತೆ, ಯಾವುದು ಸ್ವತಂತ್ರ ಹೆಜ್ಜೆ ಎಂಬುದನ್ನು ವಾಕ್ಯದ ಉಸಿರು ಮತ್ತು ವಿರಾಮಚಿಹ್ನೆ ತಿಳಿಸುವುದರಿಂದ. ಇಂಗ್ಲಿಷಿಗೆ ಬಂದಾಗ ಎಲ್ಲ ಹೆಜ್ಜೆಗಳೂ ಒಂದೇ ತೂಕದ ಆಜ್ಞೆಗಳಾಗುತ್ತವೆ, ಮುಖ್ಯವಾದುದಕ್ಕೂ ಅಮುಖ್ಯವಾದುದಕ್ಕೂ ನಡುವಿನ ಅಂತರ ಅಳಿಸಿಹೋಗುತ್ತದೆ.

ಆದರೆ ಕನ್ನಡವನ್ನು ಅಡ್ಡಿಯೆಂದು ನೋಡುವುದು ಪೂರ್ತಿ ತಪ್ಪು. ವಿಧಾನ ಬರಹಕ್ಕೆ ನಿಜವಾಗಿ ಬೇಕಾದ ಸೂಕ್ಷ್ಮ ಸಂಬಂಧಗಳಿಗೆಲ್ಲ ಕನ್ನಡದಲ್ಲಿ ನುರಿತ ರೂಪಗಳಿವೆ, ಮತ್ತು ವಿದ್ಯಾರ್ಥಿ ಅವನ್ನು ಶಾಲೆಗೆ ಹೋಗುವ ಮೊದಲೇ ಕಲಿತಿರುತ್ತಾನೆ. ಉಪ್ಪಿಟ್ಟು ಮಾಡುವ ವಿಧಾನವನ್ನು ಮನೆಯಲ್ಲಿ ಹೇಳುವ ಮಾತನ್ನೇ ಗಮನಿಸಬಹುದು: ರವೆಯನ್ನು ಘಮ್ಮೆನ್ನುವ ತನಕ ಹುರಿದಿಟ್ಟುಕೊಳ್ಳಿ, ಎಣ್ಣೆ ಕಾದ ಮೇಲೆ ಸಾಸಿವೆ ಹಾಕಿ, ಅದು ಸಿಡಿದ ಕೂಡಲೇ ಮೆಣಸಿನಕಾಯಿ, ಈರುಳ್ಳಿ ಹಾಕಿ, ತಡಮಾಡಿದರೆ ಸಾಸಿವೆ ಕರಕಲಾಗುತ್ತದೆ, ನೀರು ಮರಳುತ್ತಿರುವಾಗಲೇ ಒಂದು ಕೈಯಿಂದ ಕೆದಕುತ್ತ, ಗಂಟು ಕಟ್ಟದಂತೆ, ರವೆ ಸುರಿಯಿರಿ. ಇಲ್ಲಿ ‘ಆಮೇಲೆ’ ಎಂಬ ಪದ ಒಮ್ಮೆಯೂ ಬಂದಿಲ್ಲ. ‘ತನಕ’, ‘ಮೇಲೆ’, ‘ಕೂಡಲೇ’, ‘-ದರೆ’, ‘-ಆಗಲೇ’, ‘-ಉತ್ತ’, ‘-ದಂತೆ’ ಎಂಬ ಏಳು ಬೇರೆ ಬೇರೆ ನಂಟುಗಳು ಬಂದಿವೆ, ಅವುಗಳಲ್ಲಿ ಒಂದೊಂದಕ್ಕೂ ಇಂಗ್ಲಿಷಿನಲ್ಲಿ ‘ಅಂಟಿಲ್’, ‘ವೆನ್’, ‘ಆ್ಯಸ್ ಸೂನ್ ಆ್ಯಸ್’, ‘ಇಫ್’, ‘ವೈಲ್’, ‘ಸೋ ದಟ್’ ಮುಂತಾದ ಸಾಧನಗಳಿವೆ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೇಳಿದಾಗ ಅದೇ ವಿದ್ಯಾರ್ಥಿ ‘ದೆನ್ ಪುಟ್ ಮಸ್ಟರ್ಡ್, ದೆನ್ ಪುಟ್ ಆನಿಯನ್, ದೆನ್ ಪುಟ್ ರವಾ’ ಎಂದು ಬರೆದರೆ, ಏಳು ನಂಟುಗಳ ಅರಿವಿದ್ದವನ ಕೈಯಲ್ಲಿ ಒಂದೇ ಉಳಿದಿದೆ ಎಂದರ್ಥ. ಕೊರತೆ ಇರುವುದು ಅವನ ಬುದ್ಧಿಯಲ್ಲೂ ಅಲ್ಲ, ಅವನ ಭಾಷೆಯಲ್ಲೂ ಅಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿಯನ್ನು ಅವನಿಗೆ ಯಾರೂ ತೋರಿಸಿಲ್ಲ.

ಕೆಲವು ಕಡೆಯಂತೂ ಕನ್ನಡ ಅವನನ್ನು ನೇರವಾಗಿ ಇಂಗ್ಲಿಷಿನ ಸರಿಯಾದ ಪ್ರಯೋಗಕ್ಕೆ ಕರೆದೊಯ್ಯುತ್ತದೆ. ಹಿಂದಿಯಲ್ಲಿ ‘ಜಬ್ ತಕ್’ ಎಂಬುದರ ಜೊತೆ ನಿಷೇಧ ಬರುವ ರೂಢಿಯಿರುವುದರಿಂದ, ಆ ಭಾಷೆಯ ಪ್ರಭಾವವಿರುವ ಇಂಗ್ಲಿಷಿನಲ್ಲಿ ‘ಅಂಟಿಲ್ ಇಟ್ ಡಸ್ ನಾಟ್ ಡಿಸಾಲ್ವ್’ ಎಂಬಂಥ, ಹೇಳಬೇಕಾದುದಕ್ಕೆ ತೀರ ವಿರುದ್ಧವಾದ ವಾಕ್ಯ ಹುಟ್ಟುವುದುಂಟು. ಕನ್ನಡದಲ್ಲಿ ‘ಕರಗುವ ತನಕ’ ಎಂದೇ ಹೇಳುತ್ತಾರೆ, ನಿಷೇಧವಿಲ್ಲ. ‘ಅಂಟಿಲ್ ಇಟ್ ಡಿಸಾಲ್ವ್ಸ್’ ಅದರ ನೇರ ಜೋಡಿ. ಇನ್ನೊಂದು ಅನುಕೂಲ ಪದಕ್ರಮದ್ದು. ‘ನೀರು ಕುದಿದ ಮೇಲೆ ರವೆ ಹಾಕಿ’ ಎಂಬಲ್ಲಿ ಷರತ್ತು ಮೊದಲು, ಕೆಲಸ ಆಮೇಲೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಾದ್ದರಿಂದ ಕನ್ನಡಕ್ಕೆ ಅದೇ ಸಹಜ. ಇಂಗ್ಲಿಷಿನಲ್ಲಿ ‘ಆ್ಯಡ್ ರವಾ ವೆನ್ ದಿ ವಾಟರ್ ಬಾಯ್ಲ್ಸ್’ ಎಂದು ಕೆಲಸವನ್ನು ಮೊದಲು ಹೇಳಲೂ ಅವಕಾಶವಿದೆ, ಆದರೆ ಕೈಯಲ್ಲಿ ರವೆಯ ಪಾತ್ರೆ ಹಿಡಿದು ಸೂಚನೆ ಓದುತ್ತಿರುವವನು ಮೊದಲ ಎರಡು ಪದಗಳಿಗೇ ಅದನ್ನು ಸುರಿದುಬಿಟ್ಟಿರಬಹುದು. ಕನ್ನಡದ ಕ್ರಮವನ್ನೇ ಹಿಡಿದು ‘ವೆನ್ ದಿ ವಾಟರ್ ಬಾಯ್ಲ್ಸ್, ಆ್ಯಡ್ ರವಾ’ ಎಂದು ಬರೆಯುವ ವಿದ್ಯಾರ್ಥಿ, ತಾಂತ್ರಿಕ ಬರಹಗಾರರು ವರ್ಷಗಟ್ಟಲೆ ಕಲಿಯುವ ಒಂದು ಶಿಸ್ತನ್ನು ಪುಕ್ಕಟೆಯಾಗಿ ಪಡೆದಿರುತ್ತಾನೆ.

ಆ ಶಿಸ್ತಿಗೆ ವಿಮಾನೋದ್ಯಮದಲ್ಲಿ ಲಿಖಿತ ರೂಪವೇ ಇದೆ. ವಿಮಾನ ದುರಸ್ತಿಯ ಕೈಪಿಡಿಗಳನ್ನು ಓದುವ ತಂತ್ರಜ್ಞರಲ್ಲಿ ಬಹಳ ಮಂದಿಗೆ ಇಂಗ್ಲಿಷ್ ತಾಯ್ನುಡಿಯಲ್ಲ. ತಪ್ಪಾಗಿ ಓದಿದ ಒಂದು ಹೆಜ್ಜೆಯ ಬೆಲೆ ಪ್ರಯಾಣಿಕರ ಜೀವ. ಆದ್ದರಿಂದ ಯುರೋಪಿನ ವಿಮಾನೋದ್ಯಮ ‘ಸಿಂಪ್ಲಿಫೈಡ್ ಇಂಗ್ಲಿಷ್’ ಎಂಬ ನಿಯಮಾವಳಿಯನ್ನು ರೂಪಿಸಿ 1986ರಲ್ಲಿ ಮೊದಲ ಬಾರಿ ಹೊರತಂದಿತು. ಇಂದು ಅದರ ಮುಂದುವರಿದ ರೂಪ ‘ಎಎಸ್‌ಡಿ-ಎಸ್‌ಟಿಇ100’ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ವಿಧಾನ ಹೇಳುವ ವಾಕ್ಯ 20 ಪದಗಳನ್ನು ಮೀರಬಾರದು, ಒಂದು ವಾಕ್ಯದಲ್ಲಿ ಒಂದೇ ಸೂಚನೆ ಇರಬೇಕು, ಎಚ್ಚರಿಕೆಯ ಮಾತು ಸ್ಪಷ್ಟವಾದ ಆಜ್ಞೆಯಿಂದಲೋ ಷರತ್ತಿನಿಂದಲೋ ಆರಂಭವಾಗಬೇಕು ಎಂಬಂಥ ನಿಯಮಗಳು ಅದರಲ್ಲಿವೆ. ಇಂಥ ಬರಹದಲ್ಲಿ ವಾಕ್ಯದಿಂದ ವಾಕ್ಯಕ್ಕೆ ‘ದೆನ್’ ಎನ್ನುತ್ತ ಸಾಗುವ ಅಗತ್ಯವೇ ಬೀಳುವುದಿಲ್ಲ. ಅಂಕಿಗಳು ಆ ಕೆಲಸ ಮಾಡುತ್ತವೆ, ಪದಗಳು ಷರತ್ತು ಮತ್ತು ಎಚ್ಚರಿಕೆಗೆ ಮೀಸಲಾಗುತ್ತವೆ.

ಕನ್ನಡಕ್ಕೆ ವಿಧಾನ ಬರಹ ಹೊಸದೂ ಅಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಸುಮಾರು 1025ರಷ್ಟು ಹಿಂದಿನದು. ಬೇಸಾಯ, ಅಂತರ್ಜಲ ಶೋಧನೆ, ಅಡುಗೆ, ಸುಗಂಧದ್ರವ್ಯ, ವೈದ್ಯ ಮುಂತಾಗಿ ಬದುಕಿಗೆ ಬೇಕಾದ ಕೆಲಸಗಳ ಕೈಪಿಡಿಯಂತಿರುವ ಕೃತಿ ಅದು. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಷಟ್ಪದಿಯಲ್ಲಿ ಅಡುಗೆ ಹೇಳಿಕೊಡುತ್ತದೆ. ಹೇಗೆ ಮಾಡಬೇಕೆಂದು ಬರೆಯುವ ಇಷ್ಟು ಹಳೆಯ ಪರಂಪರೆಯಿರುವ ಭಾಷೆಯ ಮಕ್ಕಳು ವಿಧಾನ ಬರಹವೆಂದರೆ ಇಂಗ್ಲಿಷ್ ಪರೀಕ್ಷೆಯ ನಾಲ್ಕು ಅಂಕದ ವಿಷಯವೆಂದು ತಿಳಿದಿರುವುದು ವಿಷಾದದ ಸಂಗತಿ.

ಬೋಧನೆಯ ಮಟ್ಟಿಗೂ ಹತ್ತಿರದಲ್ಲೇ ಒಂದು ಮಾದರಿ ಇದೆ. ಬೆಂಗಳೂರಿನಲ್ಲಿರುವ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಜಗತ್ತಿನ ಇಂಗ್ಲಿಷ್ ಬೋಧಕರಿಗೆ ಪರಿಚಿತ. ವ್ಯಾಕರಣದ ಅಂಶಗಳನ್ನು ಸಾಲಾಗಿ ಕಲಿಸುವ ಬದಲು, ಮನಸ್ಸನ್ನು ತೊಡಗಿಸಿ ಪೂರೈಸಬೇಕಾದ ಕಾರ್ಯವನ್ನು ಕೊಟ್ಟು, ಆ ಕಾರ್ಯ ಮುಗಿಸುವ ಯತ್ನದಲ್ಲಿ ಭಾಷೆ ತಾನಾಗಿ ಬೆಳೆಯಲಿ ಎಂಬುದು ಅದರ ತತ್ತ್ವ. 1987ರಲ್ಲಿ ಪ್ರಕಟವಾದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಗ್ರಂಥದಲ್ಲಿ ಅದರ ವಿವರವಿದೆ. ರೈಲ್ವೆ ವೇಳಾಪಟ್ಟಿ ನೋಡಿ ಪ್ರಯಾಣ ಯೋಜಿಸುವುದು, ನಕ್ಷೆಯಲ್ಲಿ ದಾರಿ ಹುಡುಕುವುದು ಮುಂತಾದ ಕಾರ್ಯಗಳ ಜೊತೆಗೆ, ಬಾಯಿಮಾತಿನ ಸೂಚನೆಗಳನ್ನು ಅನುಸರಿಸಿ ರೇಖಾಚಿತ್ರ ಬಿಡಿಸುವುದೂ ಅಲ್ಲಿತ್ತು. ಚಿತ್ರ ಸರಿಯಾಗಿ ಬಂದರೆ ಸೂಚನೆ ಅರ್ಥವಾಗಿದೆ, ಬಾರದಿದ್ದರೆ ಎಲ್ಲೋ ನಂಟು ತಪ್ಪಿದೆ. ಅದನ್ನು ಹೇಳಲು ಗುರುವಿನ ಕೆಂಪು ಗೆರೆ ಬೇಕಾಗುವುದಿಲ್ಲ, ಕಾಗದದ ಮೇಲಿನ ಚಿತ್ರವೇ ಹೇಳುತ್ತದೆ. ಇದೇ ಅಭ್ಯಾಸವನ್ನು ತಿರುಗಿಸಿ, ವಿದ್ಯಾರ್ಥಿ ಬರೆದ ಸೂಚನೆಯನ್ನು ಇನ್ನೊಬ್ಬ ವಿದ್ಯಾರ್ಥಿ ಪಾಲಿಸುವಂತೆ ಮಾಡಿದರೆ, ‘ಅಂಟಿಲ್’ ಎಲ್ಲಿ ಬೇಕಿತ್ತು ಎಂಬುದು ಬರೆದವನಿಗೇ ಕಾಣಿಸುತ್ತದೆ.

ಪಿಯು ಮತ್ತು ಪದವಿ ಕಾಲೇಜುಗಳಲ್ಲಿ ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುವ ವಿಜ್ಞಾನ ಉಪನ್ಯಾಸಕರೂ ಲಿಂಕರ್ಸ್ ಕಲಿಸುವ ಇಂಗ್ಲಿಷ್ ಉಪನ್ಯಾಸಕರೂ ಇದಕ್ಕಾಗಿ ಹೊಸ ಪಠ್ಯಕ್ರಮ ಬರಲೆಂದು ಕಾಯಬೇಕಾಗಿಲ್ಲ. ಇಬ್ಬರೂ ಒಮ್ಮೆ ಒಟ್ಟಿಗೆ ಕುಳಿತು, ಈ ವರ್ಷದ ಪ್ರಯೋಗಗಳಲ್ಲಿ ಅಪಾಯವಿಲ್ಲದ ಒಂದನ್ನು ಆರಿಸಿ, ಅದರ ವಿಧಾನವನ್ನು ವಿದ್ಯಾರ್ಥಿಗಳು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವಂತೆ, ಆಮೇಲೆ ಗೈಡ್ ನೋಡದೆ ಇಂಗ್ಲಿಷಿನಲ್ಲಿ ಬರೆಯುವಂತೆ ಮಾಡಲಿ. ಬರೆದ ಹಾಳೆಯನ್ನು ಆ ಪ್ರಯೋಗವನ್ನು ಇನ್ನೂ ಮಾಡದ ತಂಡದ ಕೈಗೆ ಕೊಟ್ಟು, ಅದರಲ್ಲಿರುವುದನ್ನಷ್ಟೇ ಅನುಸರಿಸಿ ಪ್ರಯೋಗ ಮುಗಿಸಲು ಹೇಳಲಿ. ಅಂಕವನ್ನು ಆ ತಂಡದ ರೀಡಿಂಗ್ ನೋಡಿದ ಮೇಲೆಯೇ ಹಾಕಲಿ.